ನಟ್ಟು ಬಿದ್ದ ಕಡೆ ಒಂದು ಮೊಳ ನೆಲ

ಬೆಂಗಳೂರಿನಲ್ಲಿ ಮಣ್ಣು ಬೇಕಾದರೆ ಅಂಗಡಿಗೆ ಹೋಗಬೇಕು. ಇದನ್ನು ನನಗೆ ಮೊದಲು ಹೇಳಿದವರು ಟಿ. ದಾಸರಹಳ್ಳಿಯ ನಮ್ಮ ಓನರ್ ಜಯಮ್ಮ. ನಾವು ಲಾರಿಯಿಂದ ಸಾಮಾನು ಇಳಿಸಿ ಇನ್ನೂ ವಾರ ಕಳೆದಿರಲಿಲ್ಲ, ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಹೊಲದ ಎರೆಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸದ ಮನೆಯಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನು ಒಂದು ಬೋಗುಣಿ ಹಿಡಿದು ಕೆಳಗಿಳಿದು, ಇಲ್ಲಿ ಮಣ್ಣು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

“ಮಣ್ಣಾ? ಅಂಗೆಲ್ಲ ಸಿಗಾಕಿಲ್ಲ ಕಣವ್ವ,” ಎಂದರು ಜಯಮ್ಮ. “ನರ್ಸರಿಗೆ ಓಗು. ಚೀಲದಲ್ಲಿ ಕೊಡ್ತಾರೆ.”

ನಾನು ಬೀದಿಯನ್ನು ನೋಡಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಕಾಂಕ್ರೀಟು. ಒಂದು ಹುಲ್ಲುಕಡ್ಡಿ ತಲೆ ಎತ್ತುವಷ್ಟು ಬಿರುಕೂ ಇರಲಿಲ್ಲ. ತಿರುವಿನಲ್ಲಿ ನೀರಿನ ಪೈಪಿಗೆ ಯಾರೋ ಅಗೆದು ಬಿಟ್ಟಿದ್ದ ಗುಂಡಿ ಸಿಕ್ಕಿತು. ಅದರ ಅಂಚಿನಿಂದ ಕೆಂಪು ಮಣ್ಣು ತಂದು ಕಲಸಿದೆ. ಒಳಗೆ ಪ್ಲಾಸ್ಟಿಕ್ಕಿನ ಚೂರು, ಕಬ್ಬಿಣದ ಸುರುಳಿ. ನಮ್ಮ ಎರೆಯಂತೆ ಅದು ಅಂಟಲಿಲ್ಲ. ಎತ್ತಿಗೆ ಕೋಡು ಇಟ್ಟರೆ ಉದುರುತ್ತಿತ್ತು. ಅಳು ಬರಬೇಕಾಗಿತ್ತೇನೋ, ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ಊರು ತನ್ನ ನೆಲವನ್ನು ಎಲ್ಲಿ ಬಚ್ಚಿಟ್ಟಿದೆ ಎಂದು ಸಿಟ್ಟು. ಕೋಡಿಲ್ಲದ ಎತ್ತುಗಳನ್ನೇ ಪೂಜಿಸಿದೆವು.

ನನ್ನ ಹೆಸರು ಶಾಂತವ್ವ. ಇಲ್ಲಿಗೆ ಬಂದ ಮೇಲೆ ‘ವ್ವ’ ಕಳಚಿ ‘ಶಾಂತಾ ಮೇಡಂ’ ಆಗಿದ್ದೇನೆ. ರೋಣ ತಾಲ್ಲೂಕಿನವಳು. ಗದಗಿನಲ್ಲಿ ಚಿತ್ರಕಲೆ ಕಲಿತು, ಊರ ಹತ್ತಿರದ ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಗಂಡ ಮಹಾಂತೇಶನಿಗೆ ಪೀಣ್ಯದ ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಬ್ಬರೂ ಬಂದೆವು. ಮನೆಯೆಂದರೆ ಮೂರನೆಯ ಮಹಡಿಯ ಮೇಲಿನ ಶೀಟು ಮನೆ. ಬೇಸಿಗೆಯಲ್ಲಿ ತಲೆಯ ಮೇಲೆ ಹಂಚು ಕಾಯಿಸಿದಂತಿರುತ್ತದೆ. ರೊಟ್ಟಿ ಬಡಿದರೆ ಕೆಳಗಿನವರು ಬಂದು, ಏನು ಸದ್ದು ಎಂದು ಕೇಳುತ್ತಾರೆ. ಮೊದಲ ಕೆಲವು ತಿಂಗಳು ನಾನು ರೊಟ್ಟಿಯನ್ನು ಬಡಿಯದೆ ಲಟ್ಟಿಸಿದೆ. ಆಮೇಲೆ, ಬಡಿದರೆ ಏನು ಮಾಡುತ್ತಾರೋ ನೋಡೋಣ ಎಂದು ಬಡಿಯಲು ಶುರುಮಾಡಿದೆ. ಏನೂ ಮಾಡಲಿಲ್ಲ. ಜಯಮ್ಮನವರೇ ಒಂದು ದಿನ ಮೇಲೆ ಬಂದು ಬಿಸಿ ರೊಟ್ಟಿ ಕೇಳಿ ತಿಂದರು.

ಇಲ್ಲಿ ನೆಲಕ್ಕೆ ಬೇರೆಯೇ ಹೆಸರಿದೆ: ಸೈಟು. ನಮ್ಮಲ್ಲಿ ನೆಲವೆಂದರೆ ಕಪ್ಪು ಎರೆಯೋ, ಕೆಂಪು ಮಸಾರಿಯೋ, ಬಾವಿ ಇದೆಯೋ ಎಂದು ಕೇಳುತ್ತಾರೆ. ಇಲ್ಲಿ ಎಷ್ಟಗಲ, ಎಷ್ಟುದ್ದ, ಮೂಲೆಯದೋ ನಡುವಿನದೋ ಎನ್ನುತ್ತಾರೆ. ಅದರ ಬಣ್ಣವನ್ನು ಯಾರೂ ಕೇಳಿದ್ದು ನಾನು ಕಾಣೆ.

ನನಗೆ ಕೆಲಸ ಸಿಕ್ಕಿದ್ದು ಸೆಲ್ವಂ ಅಣ್ಣನ ಶೆಡ್ಡಿನಲ್ಲಿ. ಅವರು ಅತ್ತಿಬೆಲೆಯಲ್ಲಿ ಹುಟ್ಟಿ ಬೆಳೆದ ತಮಿಳರು, ಪೀಣ್ಯದಲ್ಲಿ ಫೈಬರ್ ಕೆಲಸದ ಶೆಡ್ಡು ಇಟ್ಟವರು. ರೆಸಾರ್ಟುಗಳಿಗೆ ಆನೆ, ಶಾಲೆಗಳಿಗೆ ಜಾರುಬಂಡೆ, ಅಪಾರ್ಟ್‌ಮೆಂಟುಗಳ ಉದ್ಯಾನಕ್ಕೆ ಸುಳ್ಳು ಬಂಡೆಗಲ್ಲು, ಎಲ್ಲ ಅಲ್ಲಿ ತಯಾರಾಗುತ್ತದೆ. ಬಂಡೆಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಅಚ್ಚು ತೆಗೆಯುವುದನ್ನೂ ರಾಳ ಎರೆಯುವುದನ್ನೂ ಸೆಲ್ವಂ ಅಣ್ಣ ತಾವೇ ಕಲಿಸಿದರು. ಭಾನುವಾರ ಶೆಡ್ಡನ್ನು ನನಗೆ ಬಿಟ್ಟುಕೊಡುತ್ತಿದ್ದರು.

ಒಂದು ಭಾನುವಾರ ನಾನು ನಮ್ಮೂರ ನೆಲವನ್ನು ಮಾಡಿದೆ. ಬೇಸಿಗೆಯಲ್ಲಿ ಬಿರಿದ ಎರೆಹೊಲ, ಒಂದು ಮೊಳ ಚೌಕ. ಬಿರುಕಿನ ಪಕ್ಕ ಜೋಳದ ಕೂಳೆ, ಒಂದು ಹಕ್ಕಿಯ ಪುಕ್ಕ. ಮಾಡಿ ಮುಗಿಸಿದಾಗ ಎದೆ ತುಂಬಿ ಬಂತು. ಸೋಮವಾರ ಸೆಲ್ವಂ ಅಣ್ಣ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ ಶಾಂತಾ. ಆದ್ರೆ ಇದು ನೆಲ ಅಲ್ಲ. ಕ್ಯಾಲೆಂಡರು.”

ಎರಡು ದಿನ ಅವರೊಡನೆ ಮಾತಾಡಲಿಲ್ಲ. ಅವರು ಹೇಳಿದ್ದು ನಿಜವೆಂಬುದೇ ನನ್ನ ಸಿಟ್ಟು. ಆ ಪುಕ್ಕವನ್ನು ನಾನು ಆರಿಸಿಟ್ಟಿದ್ದೆ. ಬಿರುಕು ಎಲ್ಲಿ ತಿರುಗಬೇಕೆಂದು ನಾನೇ ತೀರ್ಮಾನಿಸಿದ್ದೆ. ಊರನ್ನು ನೆನೆಯುವಾಗ ನಾವೆಲ್ಲ ಹೀಗೆಯೇ, ಒಳ್ಳೆಯ ಗೇಣುಗಳನ್ನು ಆರಿಸಿ ಜೋಡಿಸುತ್ತೇವೆ. ಈ ನಗರವನ್ನು ಬೈಯುವಾಗಲೂ ಹಾಗೆಯೇ, ಕೆಟ್ಟ ಗೇಣುಗಳನ್ನು ಆರಿಸುತ್ತೇವೆ. ಇನ್ನು ಆರಿಸುವುದೇ ಬೇಡ ಎಂದು ಹಟ ಹುಟ್ಟಿತು. ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ನಕಾಶೆ ಕೊಂಡು ಗೋಡೆಗೆ ಅಂಟಿಸಿದೆ. ಕಣ್ಣು ಮುಚ್ಚಿ ಸೂಜಿ ಚುಚ್ಚುವುದು. ಚುಚ್ಚಿದ ಜಾಗಕ್ಕೆ ಹೋಗಿ, ಅಲ್ಲಿ ಮತ್ತೆ ಕಣ್ಣು ಮುಚ್ಚಿ, ಮಹಾಂತೇಶನ ಕಾರ್ಖಾನೆಯ ದಪ್ಪನೆಯ ಒಂದು ನಟ್ಟನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆಯುವುದು. ಅದು ನಿಂತಲ್ಲಿ ಒಂದು ಮೊಳ ಚೌಕದ ಕಬ್ಬಿಣದ ಚೌಕಟ್ಟು ಇಡುವುದು. ಒಳಗೆ ಏನಿದೆಯೋ ಅದು. ಎರಡನೆಯ ಸಲ ಎಸೆಯುವಂತಿಲ್ಲ.

ಕೆಲಸ ಹೇಗೆಂದು ಹಲವರು ಕೇಳುತ್ತಾರೆ. ಮೊದಲು ಫೋಟೋ. ಆಮೇಲೆ ಸಡಿಲವಾಗಿರುವುದನ್ನೆಲ್ಲ, ಕಡ್ಡಿ, ಕಾಗದ, ಕೂದಲು, ಕಲ್ಲುಹರಳು, ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕುತ್ತೇನೆ. ದೂಳನ್ನು ಕುಂಚದಿಂದ ಗುಡಿಸಿಕೊಳ್ಳುತ್ತೇನೆ. ನೆಲದ ಮೇಲೆ ದೋಸೆಹಿಟ್ಟಿನಂಥ ರಬ್ಬರು ಸುರಿದು, ಅದು ಗಟ್ಟಿಯಾದ ಮೇಲೆ ಎಬ್ಬಿಸಿದರೆ ಅಚ್ಚು. ಶೆಡ್ಡಿನಲ್ಲಿ ಆ ಅಚ್ಚಿಗೆ ರಾಳ ಎರೆದು, ಬಣ್ಣ ಹಚ್ಚಿ, ತಂದ ದೂಳನ್ನೇ ಮೇಲೆ ಕೂರಿಸಿ, ಎತ್ತಿದ್ದನ್ನೆಲ್ಲ ಇದ್ದಲ್ಲೇ ಅಂಟಿಸುತ್ತೇನೆ. ಅಷ್ಟೇ. ಮೊದಲನೆಯದು ಪೀಣ್ಯದ ಲಾರಿ ನಿಲ್ದಾಣದ ಅಂಚು: ಎಣ್ಣೆ ಕುಡಿದ ಮಣ್ಣು, ಲೇತ್ ಯಂತ್ರದಿಂದ ಉದುರಿದ ಕಬ್ಬಿಣದ ಸುರುಳಿಗಳು. ಎರಡನೆಯದು ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಕೆಳಗಿನದು. ಅಲ್ಲಿ, ಯಾರೂ ನೀರು ಹಾಕದ ಕಡೆ, ನಮ್ಮೂರ ಉತ್ರಾಣಿ ಗಿಡ ಬೆಳೆದಿತ್ತು.

ಒಮ್ಮೆ ಸೂಜಿ ವೈಟ್‌ಫೀಲ್ಡಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಒಳಗೆ ಬಿತ್ತು.

ಅಪಾರ್ಟ್‌ಮೆಂಟೆಂದರೆ ಅದೊಂದು ಕೋಟೆ. ಗೇಟಿನಲ್ಲಿ ಹೆಸರು, ಯಾರ ಮನೆ, ಯಾಕೆ ಎಂದು ಕೇಳುತ್ತಾರೆ. ಯಾರ ಮನೆಯೂ ಅಲ್ಲ, ನೆಲ ನೋಡಬೇಕಿತ್ತು ಎಂದರೆ ಕಾವಲಿನವನಿಗೆ ಅರ್ಥವಾಗಲಿಲ್ಲ. ಮೂರು ಸಲ ಹೋಗಿ ಬಂದ ಮೇಲೆ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸಿಕ್ಕರು. ಚಂದ್ರಶೇಖರಪ್ಪ ಎಂದು, ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಓಟದ ಬೂಟು. ರೋಣ ಎಂದ ಕೂಡಲೇ ಮುಖ ಅರಳಿತು. ಮನೆಗೆ ಕರೆದುಕೊಂಡು ಹೋಗಿ ಹೆಂಡತಿಯಿಂದ ಮಂಡಕ್ಕಿ ಮಾಡಿಸಿದರು. ಯಾವ ಮಠ, ಯಾರ ಪೈಕಿ ಎಂದೆಲ್ಲ ವಿಚಾರಿಸಿದರು. ನಮ್ಮ ಭಾಗದ ಹೆಣ್ಣುಮಗಳೊಬ್ಬಳು ಕಲಾವಿದೆ ಎಂಬ ಹೆಮ್ಮೆ ಅವರಿಗೆ ನಿಜವಾಗಿಯೂ ಇತ್ತು. ರಾಜ್ಯೋತ್ಸವದ ದಿನ ನನ್ನ ಕೃತಿಯನ್ನು ಕ್ಲಬ್‌ಹೌಸಿನ ಗೋಡೆಗೆ ಹಾಕಿಸುವುದಾಗಿ ಅವರೇ ಹೇಳಿದರು. ನನಗೆ ಎಂಥ ಸಂತೋಷವಾಯಿತೆಂದರೆ, ನಾನು ಎರಡನೆಯ ಸಲ ಮಂಡಕ್ಕಿ ಹಾಕಿಸಿಕೊಂಡೆ. ಅಲ್ಲಿಯವರೆಗೆ ನನ್ನ ನೆಲಗಳನ್ನು ಶೆಡ್ಡಿನವರು, ಮಹಾಂತೇಶ, ಜಯಮ್ಮ ಬಿಟ್ಟರೆ ಯಾರೂ ನೋಡಿರಲಿಲ್ಲ.

ಹುಲ್ಲುಹಾಸಿನ ನಡುವೆ ನಿಂತು ನಟ್ಟು ಎಸೆದೆ. ಅದು ಕಂಬಕ್ಕೆ ಬಡಿದು ಕಾಂಪೌಂಡಿನ ಕಡೆಗೆ ಹಾರಿತು. ಹುಡುಕುತ್ತ ಹೋದರೆ ಹಿಂದಿನ ಚಿಕ್ಕ ಗೇಟಿನ ಮುಂದೆ ಸಿಕ್ಕಿತು. ಮನೆಗೆಲಸಕ್ಕೆ ಬರುವ ಹೆಂಗಸರು ಒಳಹೊರಗೆ ಹೋಗುವ ಗೇಟು ಅದು. ಸಂಜೆ ಹೊರಡುವಾಗ ಅವರ ಚೀಲಗಳನ್ನು ಅಲ್ಲಿ ತಪಾಸಣೆ ಮಾಡುತ್ತಾರೆ.

ಚಂದ್ರಶೇಖರಪ್ಪನವರು ನಕ್ಕರು. “ಇನ್ನೊಂದು ಸಲ ಎಸೀರಿ. ಅಲ್ಲಿ ತಾವರೆ ಕೊಳ ಐತಲ್ಲ, ಆ ಕಡೆ ತಿರುಗಿ ನಿಂತು.”

“ಇಲ್ಲ ಸರ್. ಒಂದೇ ಸಲ.”

“ಯಾರಿಗೆ ಗೊತ್ತಾಗ್ತದೆ?”

“ನನಗೆ ಗೊತ್ತಾಗ್ತದಲ್ರೀ.”

ಅವರು ಭುಜ ಕುಣಿಸಿ ಒಪ್ಪಿದರು. ಕಲೆಯೆಂದ ಮೇಲೆ ಕೊನೆಗೆ ಚಂದ ಮಾಡಿಯೇ ಮಾಡುತ್ತಾಳೆ ಎಂದುಕೊಂಡಿರಬೇಕು.

ನಾನು ಚೌಕಟ್ಟಿಟ್ಟು ಕುಕ್ಕುರುಗಾಲಲ್ಲಿ ಕೂತಾಗ ಹೆಂಗಸರು ಕೆಲಸ ಮುಗಿಸಿ ಬರತೊಡಗಿದರು. ಪಟ್ಟಂದೂರು ಅಗ್ರಹಾರದ ನಾಗವೇಣಿ ಎಂಬಾಕೆ ಮುಂದೆ ಬಂದು, ಯಾರಾದರೂ ದೂರು ಕೊಟ್ಟಿದ್ದಾರಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಈ ನೆಲದ ಅಚ್ಚು ತೆಗೆದು ಇದ್ದ ಹಾಗೆಯೇ ಮಾಡುತ್ತೇನೆ ಎಂದೆ. ಆಕೆಗೆ ನಂಬಿಕೆ ಬರಲಿಲ್ಲ. ಆದರೂ ಚಪ್ಪಲಿ ತಾಗದಂತೆ ಎಲ್ಲರನ್ನೂ ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು.

ಆ ಒಂದು ಮೊಳದಲ್ಲಿ ಏನಿತ್ತೆಂದು ಹೇಳುತ್ತೇನೆ. ನೆಲಕ್ಕೆ ಹಾಸಿದ ಸಿಮೆಂಟಿನ ಇಟ್ಟಿಗೆಗಳಲ್ಲಿ ಎರಡು ಕುಸಿದಿದ್ದವು, ಜನ ಕಾದು ಕಾದು ಒಂದೇ ಕಡೆ ಕಾಲೂರಿ. ಗೇಟು ಎಳೆದೂ ಎಳೆದೂ ಬಿದ್ದ ಕಮಾನಿನಂಥ ಗೀರು. ಎಲೆಯಡಿಕೆಯ ಕಲೆ, ಒಂದು ಕೂದಲಿನ ಪಿನ್ನು, ಮಲ್ಲಿಗೆಯ ಒಣಗಿದ ಎಸಳು, ಹರಿದ ಗೇಟ್ ಪಾಸಿನ ಮೂಲೆ. ಒಂದು ಸಂದಿನಲ್ಲಿ ಇರುವೆಗಳು ಗೂಡು ಮಾಡಿ ನುಣ್ಣನೆಯ ಮಣ್ಣನ್ನು ಮೇಲೆ ತಂದಿದ್ದವು. ಬೆಂಗಳೂರು ಬಚ್ಚಿಟ್ಟ ಮಣ್ಣನ್ನು ಇರುವೆಗಳು ಹೊರಗೆ ಹಾಕುತ್ತಿದ್ದವು.

ಯಾವ ಕೆಲಸವನ್ನೂ ನಾನು ಅಷ್ಟು ಮನಸ್ಸಿಟ್ಟು ಮಾಡಿರಲಿಲ್ಲ. ರಾಜ್ಯೋತ್ಸವಕ್ಕೆ ಮುಂಚಿನ ಶನಿವಾರ ಮಹಾಂತೇಶ ಅದನ್ನು ಹಳೆಯ ಕೌದಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದ. ಕ್ಲಬ್‌ಹೌಸಿನ ಮೇಜಿನ ಮೇಲೆ ಬಿಚ್ಚಿದೆವು. ಚಂದ್ರಶೇಖರಪ್ಪನವರು ಬಗ್ಗಿ ನೋಡಿದರು. ಬೆರಳಿನಿಂದ ಎಲೆಯಡಿಕೆಯ ಕಲೆಯನ್ನು ಮುಟ್ಟಿ, ಕೈಗೆ ಹತ್ತಿತೇ ಎಂದು ನೋಡಿಕೊಂಡರು.

“ಕೆಲಸ ಬಾಳ ಚಲೋ ಮಾಡೀರಿ,” ಎಂದರು. “ಆದ್ರೆ ಇದನ್ನ ಇಲ್ಲಿ ಹೆಂಗೆ ಹಾಕೋದು? ಮನೆಗೆ ಬಂದ ಅತಿಥಿಗೆ ಯಾರಾದ್ರೂ ಚಪ್ಪಲಿ ಬಿಡೋ ಜಾಗ ತೋರಿಸ್ತಾರೇನು?”

“ನಮ್ಮ ಕಡೆ ಅತಿಥಿ ಮೊದಲು ನೋಡೋದು ಆ ಜಾಗಾನೇ ಅಲ್ರೀ ಸರ್. ಅಲ್ಲೇ ಅಲ್ಲೇನು ನಾವು ಕಾಲಿಗೆ ನೀರು ಕೊಡೋದು?”

ಆ ಮನುಷ್ಯ ಕೆಟ್ಟವರಲ್ಲ. ಅವರ ತಾಯಿಯೂ ಬಾಗಿಲಲ್ಲಿ ತಂಬಿಗೆ ಇಟ್ಟವರೇ ಇರಬೇಕು. ಕಮಿಟಿಯನ್ನು ಕೇಳಿ ಹೇಳುತ್ತೇನೆಂದು ಹೊರಗೆ ಹೋಗಿ ಫೋನು ಮಾಡಿದರು. ಬಂದು, ಆಗುವುದಿಲ್ಲವಂತೆ ಎಂದರು. ಕೊಳದ ಬದಿಯ ನೆಲವನ್ನು ಮಾಡಿಕೊಟ್ಟರೆ ಅದೇ ಗೋಡೆಗೆ ಖಂಡಿತ ಹಾಕಿಸುತ್ತೇನೆ, ಹೆಸರು ಬರೆಸುತ್ತೇನೆ ಎಂದು ಸೇರಿಸಿದರು. ಆ ಬಿಳಿ ಗೋಡೆಯನ್ನು ನೋಡಿದೆ. ಬೇಕೆಂದು ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಹಾಂತೇಶ ನನ್ನ ಮುಖ ನೋಡಿದ. ನಾನು ಕೌದಿ ಎತ್ತಿಕೊಂಡೆ.

ಹೊರಗೆ ಬಂದದ್ದು ಹಿಂದಿನ ಗೇಟಿನಿಂದ. ನಾಗವೇಣಿ ಮತ್ತು ಜೊತೆಯವರು ಅಲ್ಲಿ ಸಾಲಾಗಿ ನಿಂತಿದ್ದರು. ನಾನು ಕೌದಿ ಬಿಚ್ಚಿ, ಮಾಡಿದ ನೆಲವನ್ನು ನಿಜವಾದ ನೆಲದ ಪಕ್ಕ ಇಟ್ಟೆ. ಕಾವಲಿನವನೂ ಚೀಲ ನೋಡುವುದನ್ನು ಬಿಟ್ಟು ಬಂದ. ನಾಗವೇಣಿ ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಆ ಕುಸಿದ ಇಟ್ಟಿಗೆಯನ್ನು ತೋರಿಸಿದಳು.

“ಇದು ನಾನು ನಿಲ್ಲೋ ಜಾಗ ಅಕ್ಕ. ಇಷ್ಟು ಹಳ್ಳ ಬಿದ್ದಿರೋದು ನಂಗೇ ಗೊತ್ತಿರ್ಲಿಲ್ಲ.”

ಯಾರೋ, ನಿನ್ನ ತೂಕಕ್ಕೇ ಬಿದ್ದಿರೋದು ಎಂದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ತುಂಬ ಹೊತ್ತು ನೋಡಿ, ಸೆರಗಿನಿಂದ ಅದರ ಅಂಚಿಗೆ ಹತ್ತಿದ್ದ ಕೌದಿಯ ನೂಲನ್ನು ತೆಗೆದು ಹಾಕಿದಳು. ಯಾವ ಗೋಡೆಯೂ ನನಗೆ ಅದಕ್ಕಿಂತ ಹೆಚ್ಚಿನದನ್ನು ಕೊಡಲಾರದು.

ವಾಪಸ್ಸು ಮೆಟ್ರೋದಲ್ಲಿ ಬಂದೆವು. ತಪಾಸಣೆಯವರು ತಡೆದು, ಇದೇನು ಎಂದರು. ನೆಲ ಎಂದೆ. ಮತ್ತೊಮ್ಮೆ ಕೇಳಿದರು. ವೈಟ್‌ಫೀಲ್ಡಿನ ನೆಲ, ಒಂದು ಮೊಳ ಎಂದೆ. ಯಂತ್ರದೊಳಗೆ ಎರಡು ಸಲ ಓಡಿಸಿ, ಪಿನ್ನೊಂದನ್ನು ಬಿಟ್ಟು ಏನೂ ಕಾಣದೆ, “ಸೈಟ್ ಸಿಗ್ದೆ ಇದನ್ನೇ ತಗೊಂಡ್ಬಿಟ್ರಾ ಮೇಡಂ,” ಎಂದು ಬಿಟ್ಟುಕೊಟ್ಟರು. ಮಹಾಂತೇಶ ದಾಸರಹಳ್ಳಿ ಬರುವವರೆಗೆ ನಕ್ಕ.

ಆಮೇಲೆ ನಾಗವೇಣಿ ಫೋನು ಮಾಡಿದ್ದಳು. ಸಂಘದವರು ಆ ಗೇಟಿನ ಮುಂದಿನ ಇಟ್ಟಿಗೆಗಳನ್ನೆಲ್ಲ ಕಿತ್ತು ಹೊಸದು ಹಾಸಿದ್ದಾರಂತೆ. ಚೀಲದ ತಪಾಸಣೆ ನಿಂತಿಲ್ಲ. ಹಾಗಾಗಿ ಆ ಹೆಂಗಸರು ಕಾದ ನೆಲ ಈಗ ಎಲ್ಲಿಯಾದರೂ ಇದ್ದರೆ ನನ್ನ ಬಳಿ ಮಾತ್ರ ಇದೆ. ಅದನ್ನು ಯಾರಿಗೂ ಕೊಡುವುದಿಲ್ಲ.

ಮರುವರ್ಷ ಆಯುಧಪೂಜೆಗೆ ಸೆಲ್ವಂ ಅಣ್ಣ, ಯಂತ್ರ ನಿಲ್ಲಿಸಿದ ದಿನ ಶೆಡ್ಡು ಖಾಲಿಯಿರುತ್ತದೆ, ನಿನ್ನ ನೆಲವನ್ನೆಲ್ಲ ಹಾಸು ಎಂದರು. ಹಾಸಿದೆ. ಅಕ್ಕಪಕ್ಕದ ಕಾರ್ಖಾನೆಯವರು ಮಂಡಕ್ಕಿ, ಬೂದುಗುಂಬಳದ ಹೋಳು ತುಳಿದುಕೊಂಡು ಬಂದು ನೋಡಿದರು. ಊರಿನಿಂದ ಅವ್ವ ಬಂದಿದ್ದಳು. ಅಣ್ಣನ ಮಗ ರೈಲಿಗೆ ಹತ್ತಿಸಿ ಕಳಿಸಿದ್ದ. ಅವ್ವ ಒಂದೊಂದರ ಮುಂದೆಯೂ ನಿಂತು, ಇದು ಎಲ್ಲಿಯದು ಎಂದು ಕೇಳುತ್ತ ಹೋದಳು. ಕೊನೆಯದನ್ನು ದಾಟಿ ನನ್ನ ಕಡೆ ತಿರುಗಿದಳು.

“ನಮ್ಮೂರಿಂದು ಎಲ್ಲೈತಿ?”

“ಸೂಜಿ ಇಲ್ಲೇ ಬೀಳತೈತಿ ಅವ್ವಾ. ನಕಾಶೆ ಬೆಂಗಳೂರಿಂದು.”

“ಸೂಜಿ ಬೀಳದಿದ್ರ ನಮ್ಮೂರು ಇಲ್ಲೇನು?”

ಕ್ಯಾಲೆಂಡರ್ ಎನಿಸಿಕೊಂಡ ಆ ಹಳೆಯ ಕೆಲಸವನ್ನು ಅವ್ವನಿಗೆ ತೋರಿಸಲು ಮನಸ್ಸಾಗಲಿಲ್ಲ.

ಚಳಿಗಾಲದಲ್ಲಿ ರಬ್ಬರಿನ ಡಬ್ಬಿ, ಚೌಕಟ್ಟು, ನಟ್ಟು ಎಲ್ಲ ಕಟ್ಟಿಕೊಂಡು ತವರಿಗೆ ಹೋದೆ. ಗದಗ ಜಿಲ್ಲೆಯ ನಕಾಶೆಯನ್ನು ಪಡಸಾಲೆಯ ಗೋಡೆಗೆ ಹಚ್ಚಿ, ಸೂಜಿಯನ್ನು ಅವ್ವನ ಕೈಗೇ ಕೊಟ್ಟೆ. ನಮ್ಮೂರ ಮೇಲೇ ಚುಚ್ಚಬೇಕೆಂದು ಆಕೆಗೆ ಆಸೆ. ಬೆರಳಿನಿಂದ ತಡವಿ ಜಾಗ ಹುಡುಕುವುದನ್ನು ನೋಡಿ ಕೈ ಹಿಡಿದೆ. ಬೈದುಕೊಂಡೇ ಚುಚ್ಚಿದಳು. ಅದು ನಮ್ಮೂರಿನಿಂದ ದೂರ, ನಾವಿಬ್ಬರೂ ಎಂದೂ ಕಾಲಿಡದ ಒಂದು ಹಳ್ಳಿಯ ಮೇಲೆ ಬಿತ್ತು.

ಬಸ್ಸು ಹಿಡಿದು, ಆಮೇಲೆ ಟಂಟಂ ಆಟೋ ಹಿಡಿದು ಹೋದೆವು. ಅವ್ವನೇ ನಟ್ಟು ಎಸೆದಳು. ಅದು ಹೊಲಕ್ಕೆ ಬೀಳದೆ, ರಸ್ತೆಯ ಬದಿಯ ಸಿಡಿಯ ಹತ್ತಿರ, ಅಂದರೆ ಕಿರುಸೇತುವೆಯ ಪಕ್ಕ, ಬಿತ್ತು. ಆಡಿನ ಹಿಕ್ಕೆ, ಟ್ರ್ಯಾಕ್ಟರಿನ ಗಾಲಿಯ ಗುರುತು, ಒಡೆದ ಹಸಿರು ಬಳೆಯ ಚೂರು, ಗುಟ್ಕಾ ಚೀಟಿ. ಪೀಣ್ಯದಲ್ಲಿ ಎತ್ತಿದ್ದ ಅದೇ ಬಣ್ಣದ ಗುಟ್ಕಾ ಚೀಟಿ. ಮಣ್ಣು ಮಾತ್ರ ನಮ್ಮ ಕಪ್ಪು ಎರೆ. ಮುಟ್ಟಿದಾಗ ಕೈಗೆ ಅಂಟಿತು.

ಪಕ್ಕದ ಹೊಲದ ಹಿರಿಯರೊಬ್ಬರು ತಲೆಗೆ ಟವೆಲು ಸುತ್ತುತ್ತ ಬಂದು, ಎಲ್ಲಿಂದ ಬಂದೀರಿ ಎಂದು ಕೇಳಿದರು.

“ಬೆಂಗಳೂರಿಂದ್ರೀ.”

ನನ್ನ ಬಾಯಿಂದ ತಾನಾಗಿ ಬಂತು. ಅವ್ವ ತಿರುಗಿ ನನ್ನನ್ನು ನೋಡಿದಳು.

ಹಿರಿಯರು, ಹೊಲದೊಳಗೆ ಬನ್ನಿ, ಒಳ್ಳೆಯ ಎರೆ ಇದೆ, ಈ ಹೊಲಸು ಯಾಕೆ ಎಂದು ಕರೆದರು. ಇಲ್ಲೇ ಸಾಕು ಎಂದೆ. ಅವರ ಮುಖ ಬಿಗಿಯಿತು. ಅವ್ವನಿಗೆ ಹೇಳಿದರು: “ಬೆಂಗಳೂರವ್ರಿಗೆ ತೋರ್ಸಾಕ ನಮ್ಮ ಹೊಲಸು ಬೇಕಾಗೇತಿ ನೋಡವ್ವ.”

ಚಂದ್ರಶೇಖರಪ್ಪನವರ ಮಾತು ನನ್ನನ್ನು ಕೆರಳಿಸಿತ್ತು. ಈ ಮಾತು ಚುಚ್ಚಿತು. ಆದರೂ ಏಳಲಿಲ್ಲ. ಫೋನು ತೆಗೆದು ವೈಟ್‌ಫೀಲ್ಡಿನ ನೆಲದ ಚಿತ್ರ ತೋರಿಸಿ, ಅಲ್ಲಿಯವರದನ್ನೂ ಹೀಗೆಯೇ ಮಾಡಿದ್ದೇನೆ, ಅಲ್ಲಿ ಮನೆಗೆಲಸದ ಹೆಂಗಸರು ಚೀಲ ತೋರಿಸಲು ಕಾಯುತ್ತಾರೆ ಎಂದು ವಿವರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ತಂಗಿಯ ಮಗಳೊಬ್ಬಳು ಆ ಕಡೆಯೇ ಎಲ್ಲೋ ಮನೆಗೆಲಸಕ್ಕೆ ಹೋಗಿದ್ದಾಳೆ ಎಂದರು. “ಹಿಂಗೇ ನಿಂದ್ರತಾರೇನು?” ಎಂದು ಕೇಳಿದರು. ಹೌದೆಂದೆ. ಅವರು ಹೋಗಿ ಒಂದು ಕೊಡ ನೀರು ತಂದಿಟ್ಟು, ರಬ್ಬರು ಗಟ್ಟಿಯಾಗುವವರೆಗೆ ಆಡುಗಳು ತುಳಿಯದಂತೆ ಕೋಲು ಹಿಡಿದು ನಿಂತರು.

ಮರಳುವ ಬಸ್ಸಿನಲ್ಲಿ ಅಚ್ಚು ನನ್ನ ತೊಡೆಯ ಮೇಲಿತ್ತು. ಮಡಿಚಿಕೊಳ್ಳದಂತೆ ಎರಡೂ ಅಂಗೈಯಲ್ಲಿ ಹಿಡಿದಿದ್ದೆ. ಅವ್ವ ಕಿಟಕಿಯ ಹೊರಗೆ ನೋಡುತ್ತಲೇ, ಇನ್ನೆರಡು ದಿನ ಇರುತ್ತೀಯೇನು ಎಂದು ಕೇಳಿದಳು.

“ಇಲ್ಲವ್ವಾ. ನಾಳೆ ಊರಿಗೆ ಹೋಗಬೇಕು.”

ಹೇಳಿದ ಮೇಲೆ ನನಗೆ ಕೇಳಿಸಿತು. ಬೆಂಗಳೂರಿನಲ್ಲಿ ರಜೆ ಕೇಳುವಾಗಲೂ ನಾನು ಸೆಲ್ವಂ ಅಣ್ಣನಿಗೆ ಇದೇ ಮಾತು ಹೇಳುತ್ತೇನೆ, ಊರಿಗೆ ಹೋಗಬೇಕು ಎಂದು. ಯಾವ ಊರಿಗೆ ಎಂದು ಅವ್ವ ಕೇಳಲಿಲ್ಲ. ನಾನೂ ಮಾತನ್ನು ತಿದ್ದಿಕೊಳ್ಳಲಿಲ್ಲ. ಆಕೆ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು, ನನ್ನ ಕೈಗೆ ಹತ್ತಿದ್ದ ಎರೆಯನ್ನು ಒರೆಸಲು ಬಂದಳು.

“ಇರಲಿ ಬಿಡು,” ಎಂದೆ.